ಹಾಲ್‌ಮಾರ್ಕ್ ಇದ್ದರೆ ಸಾಕೆ? ಮದುವೆಯ ಚಿನ್ನ ಕೊಳ್ಳುವಾಗ ಬಿಲ್ಲಿನಲ್ಲಿ ನೋಡಬೇಕಾದದ್ದು

ತಂಗಿಯ ಮದುವೆಗೆ ಕರಿಮಣಿ ಸರ, ಒಂದು ಹಾರ ಮತ್ತು ಬಳೆಗಳನ್ನು ಕೊಳ್ಳಬೇಕಾಗಿದೆ, ಮನೆಯಲ್ಲಿರುವ ಹಳೆಯ ಚಿನ್ನವನ್ನೂ ಅದೇ ಅಂಗಡಿಗೆ ಕೊಟ್ಟು ಬದಲಾಯಿಸುವ ಯೋಚನೆ ಇದೆ, ಹಾಲ್‌ಮಾರ್ಕ್ ಇದ್ದರೆ ಮೋಸವಾಗುವುದಿಲ್ಲ ಎಂದು ಬಂಧುಗಳು ಹೇಳುತ್ತಾರೆ, ಅದು ನಿಜವೇ ಎಂದು ನೀವು ಕೇಳಿದ್ದೀರಿ. ಹಾಲ್‌ಮಾರ್ಕ್ ಶುದ್ಧತೆಗೆ ಮಾತ್ರ ಸಾಕ್ಷಿ; ತೂಕಕ್ಕಾಗಲಿ, ದರಕ್ಕಾಗಲಿ, ವೇಸ್ಟೇಜಿಗಾಗಲಿ (ಒಡವೆ ಮಾಡುವಾಗ ಸವೆದ ಚಿನ್ನವೆಂದು ಬಿಲ್ಲಿಗೆ ಸೇರಿಸುವ ಪಾಲು) ಅದು ಸಾಕ್ಷಿಯಲ್ಲ. ಆಭರಣದಂಗಡಿಗಳ ಲೆಕ್ಕಪತ್ರ ನೋಡುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ನೋಂದಾಯಿತ ಅಂಗಡಿಗಳಲ್ಲಿ ಕೀಳು ಚಿನ್ನವನ್ನು 22 ಕ್ಯಾರೆಟ್ ಎಂದು ಮಾರುವುದನ್ನು ನಾನು ಕಂಡದ್ದು ಅಪರೂಪ. ಗ್ರಾಹಕರ ಹಣ ಸೋರಿಹೋಗುವುದು ಬಿಲ್ಲಿನ ಲೆಕ್ಕದಲ್ಲಿ, ಅದೂ ಅವರೇ ಕಣ್ಣಾರೆ ನೋಡಿ ಒಪ್ಪಿಕೊಂಡ ಲೆಕ್ಕದಲ್ಲಿ.

ಮೊದಲು ಹಾಲ್‌ಮಾರ್ಕ್ ವಿಷಯವನ್ನು ಮುಗಿಸಿಬಿಡೋಣ. 2021ರ ಜೂನ್‌ನಲ್ಲಿ ದೇಶದ 256 ಜಿಲ್ಲೆಗಳಲ್ಲಿ ಇದು ಕಡ್ಡಾಯವಾಯಿತು, ಅನಂತರ ಇನ್ನಷ್ಟು ಜಿಲ್ಲೆಗಳು ಸೇರಿದವು. 2023ರ ಏಪ್ರಿಲ್ 1ರಿಂದ ಆಭರಣದ ಮೇಲೆ ಮೂರು ಗುರುತುಗಳಿರಬೇಕು: ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ ಚಿಹ್ನೆ, 22ಕೆ916 (22 ಕ್ಯಾರೆಟ್, ಅಂದರೆ ಶೇಕಡಾ 91.6 ಚಿನ್ನ) ಎಂಬಂತಹ ಶುದ್ಧತೆಯ ಅಂಕಿ, ಮತ್ತು ಅಕ್ಷರ ಅಂಕಿಗಳು ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ. ಈ ಸಂಖ್ಯೆ ಒಂದೊಂದು ಒಡವೆಗೂ ಬೇರೆಬೇರೆ. ಅಂಗಡಿಯಲ್ಲಿ ಭೂತಗನ್ನಡಿ ಕೇಳಿ ಪಡೆದು, ಸಂಖ್ಯೆಯನ್ನು ಓದಿ, ನಿಮ್ಮದೇ ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿರಿ. ಅಲ್ಲಿ ಆಭರಣದ ಬಗೆ, ಶುದ್ಧತೆ, ಹಾಲ್‌ಮಾರ್ಕ್ ಹಾಕಿದ ಕೇಂದ್ರ ಮತ್ತು ಆಭರಣ ವ್ಯಾಪಾರಿಯ ನೋಂದಣಿ ವಿವರ ಕಾಣಿಸುತ್ತದೆ. ಹೆಚ್ಚಿನವರು ಶುದ್ಧತೆಯ ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ, ಆದರೆ ನೋಡಬೇಕಾದದ್ದು ಆಭರಣದ ಬಗೆ. ಕೈಯಲ್ಲಿರುವುದು ಹಾರವಾಗಿದ್ದು ಆ್ಯಪ್ ಅದನ್ನು ಉಂಗುರ ಎಂದು ತೋರಿಸಿದರೆ, ಬೇರಾವುದೋ ಒಡವೆಯ ಸಂಖ್ಯೆಯನ್ನು ಅದರ ಮೇಲೆ ಕೊರೆದಿದ್ದಾರೆಂದೇ ಅನುಮಾನಿಸಬೇಕು.

ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ, ಕುಂದನ್ (ಚಿನ್ನದ ತೆಳು ಹಾಳೆಯಲ್ಲಿ ಕಲ್ಲು ಕೂರಿಸಿದ) ಮತ್ತು ಪೋಲ್ಕಿ (ಕೊರೆಯದ ವಜ್ರದ) ಕೆಲಸದ ಆಭರಣಗಳಿಗೆ, ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ಸಣ್ಣ ಅಂಗಡಿಗಳಿಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಆದ್ದರಿಂದ ಊರಿನ ಪರಿಚಯದ ಅಕ್ಕಸಾಲಿಗರು ಗುರುತಿಲ್ಲದ ಮೂಗುಬೊಟ್ಟನ್ನು ಕೊಟ್ಟರೆ ಅವರನ್ನು ಕಳ್ಳರಂತೆ ನೋಡಬೇಕಾಗಿಲ್ಲ. ಆದರೆ 'ಇದು ಕೆಡಿಎಂ ಚಿನ್ನ, ಹಾಲ್‌ಮಾರ್ಕಿಗಿಂತ ಒಳ್ಳೆಯದು' ಎಂಬ ಮಾತು ಇನ್ನೂ ಕೆಲವು ಕಡೆ ಕೇಳಿಬರುತ್ತದೆ, ಅದನ್ನು ನಂಬಬೇಡಿ. ಕೆಡಿಎಂ ಎಂದರೆ ಕ್ಯಾಡ್ಮಿಯಂ ಬಳಸಿ ಬೆಸುಗೆ ಹಾಕಿದ್ದು ಎಂದಷ್ಟೇ, ಅದು ಯಾರೂ ಪರೀಕ್ಷಿಸಿ ಕೊಟ್ಟ ಪ್ರಮಾಣವಲ್ಲ. ಅದರ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ವಿಷ. ಒಡವೆಯ ಮೇಲೆ ಬರಿಯ 916 ಎಂದು ಕೊರೆದಿದ್ದರೂ ಅಷ್ಟೆ, ಆ ಅಂಕಿಯನ್ನು ಯಾರು ಬೇಕಾದರೂ ಕೊರೆಯಬಹುದು.

ಈಗ ಬಿಲ್ಲಿಗೆ ಬರೋಣ. ನೀವು ಕರಿಮಣಿ ಸರ ಕೊಳ್ಳುತ್ತಿರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಲೆಕ್ಕ ಸುಲಭವಾಗಲೆಂದು 24 ಕ್ಯಾರೆಟ್, ಅಂದರೆ ಅಪ್ಪಟ ಚಿನ್ನದ ದರ ಗ್ರಾಂಗೆ 10,000 ರೂಪಾಯಿ, 22 ಕ್ಯಾರೆಟ್‌ಗೆ 9,160 ರೂಪಾಯಿ ಎಂದು ಇಟ್ಟುಕೊಳ್ಳೋಣ. ತಕ್ಕಡಿಯ ಮೇಲೆ ಸರ 24 ಗ್ರಾಂ ತೂಗುತ್ತದೆ. ಅದರಲ್ಲಿ ಕರಿಮಣಿಗಳ ಮತ್ತು ದಾರದ ತೂಕ ಮೂರೂವರೆ ಗ್ರಾಂ ಎಂದುಕೊಳ್ಳಿ. ಚಿನ್ನ ಇರುವುದು 20.5 ಗ್ರಾಂ ಮಾತ್ರ. ಬಿಲ್ಲಿನಲ್ಲಿ ಗ್ರಾಸ್ ವೇಟ್ (ಒಟ್ಟು ತೂಕ) ಮತ್ತು ನೆಟ್ ವೇಟ್ (ಚಿನ್ನದ ತೂಕ ಮಾತ್ರ) ಎಂಬ ಎರಡು ಬೇರೆ ಅಂಕಣಗಳು ಇರದೆ 24 ಗ್ರಾಂ ಎಂದಷ್ಟೇ ಇದ್ದರೆ, 32,060 ರೂಪಾಯಿ ಕೊಟ್ಟು ನೀವು ಗಾಜಿನ ಮಣಿಗಳನ್ನು ಕೊಂಡಂತಾಯಿತು. ಇಷ್ಟು ಒರಟಾದ ಮೋಸ ಈಗ ಕಡಿಮೆಯಾಗಿದೆ. ಅದಕ್ಕಿಂತ ನಯವಾದ ಇನ್ನೊಂದು ರೀತಿಯನ್ನು ನಾನು ಬಿಲ್ ಪುಸ್ತಕಗಳಲ್ಲಿ ಮತ್ತೆಮತ್ತೆ ಕಂಡಿದ್ದೇನೆ: ಚಿನ್ನದ ಬೆಲೆಯನ್ನು ನೆಟ್ ತೂಕಕ್ಕೆ ಸರಿಯಾಗಿಯೇ ಹಾಕುತ್ತಾರೆ, ಆದರೆ ವೇಸ್ಟೇಜನ್ನು ಗ್ರಾಸ್ ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ಶೇಕಡಾ 12 ವೇಸ್ಟೇಜ್ ಎಂದು ಮಾತಾಗಿದ್ದರೆ 20.5 ಗ್ರಾಂಗೆ 2.46 ಗ್ರಾಂ ಬರಬೇಕು, 24 ಗ್ರಾಂಗೆ ಅದು 2.88 ಆಗುತ್ತದೆ. ವ್ಯತ್ಯಾಸ 0.42 ಗ್ರಾಂ, ಹಣದಲ್ಲಿ ಸುಮಾರು 3,850 ರೂಪಾಯಿ, ಅದರ ಮೇಲೆ ಮತ್ತೆ ಜಿಎಸ್‌ಟಿ. ಮಾತಾದ ಶೇಕಡಾವಾರು ಬಿಲ್ಲಿನಲ್ಲಿ ಹಾಗೆಯೇ ಇರುವುದರಿಂದ ಯಾರ ಕಣ್ಣಿಗೂ ಇದು ಬೀಳುವುದಿಲ್ಲ.

ಕಲ್ಲಿನ ಹಾರದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕಲ್ಲಿನ ತೂಕವನ್ನು ಕ್ಯಾರೆಟ್‌ನಲ್ಲಿ ಬರೆಯುತ್ತಾರೆ; ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ. ಚಿನ್ನದ ಶುದ್ಧತೆಯ ಕ್ಯಾರೆಟ್‌ಗೂ ಇದಕ್ಕೂ ಸಂಬಂಧವಿಲ್ಲ. ಬಿಲ್ಲಿನಲ್ಲಿ ಕಲ್ಲು 20 ಕ್ಯಾರೆಟ್ ಎಂದಿದ್ದರೆ ಗ್ರಾಸ್ ತೂಕದಿಂದ ನಾಲ್ಕು ಗ್ರಾಂ ಕಳೆದಿರಲೇಬೇಕು. ದೇವಸ್ಥಾನದ ಶೈಲಿಯ ಆಂಟಿಕ್ ಆಭರಣಗಳ ಒಳಗೆ ಅರಗು ತುಂಬಿರುತ್ತಾರೆ, ಅದರ ತೂಕವನ್ನು ಹೇಗೆ ಕಳೆದಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ. ಇನ್ನೊಂದು ಮಾತು: ಮದುವೆಯ ಹಾರದಲ್ಲಿ ಹೊಳೆಯುವ ಕೆಂಪು ಹಸಿರು ಕಲ್ಲುಗಳಿಗೆ ಅಂಗಡಿಯವರು ಹಾಕುವ ಬೆಲೆ, ಮುಂದೆ ಅದೇ ಹಾರವನ್ನು ಅದೇ ಅಂಗಡಿಗೆ ಹಿಂದಿರುಗಿಸುವಾಗ ಸಾಮಾನ್ಯವಾಗಿ ಸೊನ್ನೆಯಾಗಿರುತ್ತದೆ. ಇದು ಮೋಸವಲ್ಲ, ಆದರೆ ಕೊಳ್ಳುವ ದಿನ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಕ್ಷಯ ತೃತೀಯ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ 'ಮೇಕಿಂಗ್ ಚಾರ್ಜ್ ಪೂರ್ತಿ ಉಚಿತ' ಎಂಬ ಜಾಹೀರಾತುಗಳು ಬರುತ್ತವೆ. ಕೂಲಿ ಕೊಡದೆ ಯಾವ ಒಡವೆಯೂ ತಯಾರಾಗುವುದಿಲ್ಲ. ಆ ಹಣ ವೇಸ್ಟೇಜಿನಲ್ಲೋ, ಕಲ್ಲಿನ ಬೆಲೆಯಲ್ಲೋ, ಆ ದಿನದ ಗ್ರಾಂ ದರದಲ್ಲೋ ಸೇರಿಕೊಂಡಿರುತ್ತದೆ. ಆದ್ದರಿಂದ ರಿಯಾಯಿತಿಯ ಶೇಕಡಾವಾರು ಕೇಳುವುದನ್ನು ಬಿಟ್ಟು ಒಂದೇ ಪ್ರಶ್ನೆ ಕೇಳಿರಿ: ಎಲ್ಲ ಸೇರಿ ನಾನು ಕೊಡಬೇಕಾದ ಮೊತ್ತವನ್ನು ನೆಟ್ ತೂಕದಿಂದ ಭಾಗಿಸಿದರೆ ಗ್ರಾಂಗೆ ಎಷ್ಟು ಬೀಳುತ್ತದೆ? ಮೂರು ಅಂಗಡಿಗಳಲ್ಲಿ ಒಂದೇ ಬಗೆಯ ಬಳೆಗೆ, ಒಂದೇ ದಿನ ಈ ಅಂಕಿಯನ್ನು ಬರೆದುಕೊಂಡರೆ ಜಾಹೀರಾತಿನ ಬಣ್ಣ ತಾನಾಗಿ ಇಳಿಯುತ್ತದೆ. ಜಿಎಸ್‌ಟಿ ಶೇಕಡಾ 3 ಮಾತ್ರ. ಹಾಲ್‌ಮಾರ್ಕ್ ಶುಲ್ಕ ತೂಕ ಎಷ್ಟೇ ಇದ್ದರೂ ಒಂದು ಒಡವೆಗೆ 45 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. 'ಹಾಲ್‌ಮಾರ್ಕ್ ಆಗಿರುವುದರಿಂದ ದರ ಹೆಚ್ಚು' ಎಂದು ನೂರಾರು ರೂಪಾಯಿ ಸೇರಿಸಿದ್ದರೆ ವಿವರಣೆ ಕೇಳಿರಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಹಳೆಯ ಚಿನ್ನದ ಬದಲಾವಣೆ. ಹೊಸ ಒಡವೆಯಲ್ಲಿ ಸಾವಿರಗಳಲ್ಲಿ ಹೋಗುವ ಹಣ ಇಲ್ಲಿ ಹತ್ತು ಸಾವಿರಗಳಲ್ಲಿ ಹೋಗುತ್ತದೆ. ಹೇಗೆಂದು ನೋಡಿರಿ. ನೀವು 20 ಗ್ರಾಂ ತೂಗುವ ಹಳೆಯ ಬಳೆ ಕೊಡುತ್ತೀರಿ, ಯಂತ್ರ ಶೇಕಡಾ 91.6 ಶುದ್ಧತೆ ತೋರಿಸುತ್ತದೆ. ಅಂಗಡಿಯವರು 20 ಗ್ರಾಂಗೆ 91.6 ಶೇಕಡಾ ಲೆಕ್ಕ ಹಾಕಿ 'ನಿಮ್ಮ ಚಿನ್ನ 18.32 ಗ್ರಾಂ' ಎನ್ನುತ್ತಾರೆ. ಸರಿ, ಆದರೆ ಆ 18.32 ಗ್ರಾಂ ಈಗ ಅಪ್ಪಟ ಚಿನ್ನ. ಅದಕ್ಕೆ 24 ಕ್ಯಾರೆಟ್ ದರ ಕೊಡಬೇಕು. ನಾವು ಇಟ್ಟುಕೊಂಡ ದರದಲ್ಲಿ ಅದು 1,83,200 ರೂಪಾಯಿ. ಕೆಲವರು ಅದಕ್ಕೆ 22 ಕ್ಯಾರೆಟ್ ದರ ಹಾಕಿ 1,67,811 ರೂಪಾಯಿ ಬರೆಯುತ್ತಾರೆ. ಬೆರಕೆಯನ್ನು ಒಮ್ಮೆ ತೂಕದಲ್ಲಿ ಕಳೆದರು, ಇನ್ನೊಮ್ಮೆ ದರದಲ್ಲಿ ಕಳೆದರು. ಒಂದೇ ಸಾಲವನ್ನು ಎರಡು ಸಲ ವಸೂಲು ಮಾಡಿದ ಹಾಗೆ. 15,389 ರೂಪಾಯಿ ಹೋಯಿತು. ಪೂರ್ತಿ 20 ಗ್ರಾಂಗೆ 22 ಕ್ಯಾರೆಟ್ ದರ, ಇಲ್ಲವೇ ಕಳೆದ ತೂಕಕ್ಕೆ 24 ಕ್ಯಾರೆಟ್ ದರ: ಎರಡು ದಾರಿಯಲ್ಲಿಯೂ ಉತ್ತರ ಒಂದೇ ಬರಬೇಕು. ಅಂಗಡಿಯವರು ಸ್ವಲ್ಪ ಲಾಭಾಂಶ ಕಳೆಯುವುದು ವ್ಯಾಪಾರ, ಅದನ್ನು ಮೊದಲೇ ಹೇಳಿ ಕಳೆಯಲಿ.

ಶುದ್ಧತೆ ಅಳೆಯುವ ಯಂತ್ರದ ಬಗೆಗೂ ತಿಳಿದಿರಲಿ. ಅಂಗಡಿಯಲ್ಲಿ ಇಟ್ಟಿರುವ ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ರೇ ಕಿರಣದಿಂದ ಶುದ್ಧತೆ ಅಳೆಯುವುದು) ಒಡವೆಯ ಮೇಲ್ಮೈಯನ್ನಷ್ಟೇ ಓದುತ್ತದೆ. ಬೆಸುಗೆ ಹಾಕಿದ ಜಾಗವನ್ನು ಕಿರಣದ ಕೆಳಗೆ ಇಟ್ಟರೆ ಅಂಕಿ ಇಳಿಯುತ್ತದೆ. ಆದ್ದರಿಂದ ಮೂರು ನಾಲ್ಕು ಕಡೆ ಇಟ್ಟು ತೋರಿಸಲು ಹೇಳಿರಿ. ಕರಗಿಸಿಯೇ ನೋಡಬೇಕೆಂದರೆ ನಿಮ್ಮ ಎದುರಿಗೇ ಕರಗಿಸಲಿ, ಕರಗಿಸುವ ಮೊದಲಿನ ಮತ್ತು ಅನಂತರದ ತೂಕವನ್ನು ಬರೆದುಕೊಡಲಿ. ಕರಗಿದ ಗಟ್ಟಿಯನ್ನು ತೂಗಿದ ಮೇಲೆ ಮತ್ತೆ 'ಕರಗಿಸಿದ ನಷ್ಟ' ಎಂದು ಶೇಕಡಾ ಎರಡೋ ಮೂರೋ ಕಳೆಯುವುದಕ್ಕೆ ಅರ್ಥವಿಲ್ಲ, ಏಕೆಂದರೆ ಆ ನಷ್ಟ ತೂಕದಲ್ಲಿ ಆಗಲೇ ಬಂದಿದೆ. ಒಮ್ಮೆ ಕರಗಿದರೆ ಒಡವೆ ಹೋಯಿತು, ಗ್ರಾಹಕರು ಮುಜುಗರದಿಂದ ಹೇಳಿದ ಬೆಲೆಗೇ ಒಪ್ಪಿಬಿಡುತ್ತಾರೆ ಎಂಬುದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಇದಕ್ಕಿಂತ ಒಳ್ಳೆಯ ದಾರಿ ಎಂದರೆ, ಅಂಗಡಿಗೆ ಹೋಗುವ ಮೊದಲೇ ಬಿಐಎಸ್ ಮಾನ್ಯತೆ ಪಡೆದ ಯಾವುದಾದರೂ ಹಾಲ್‌ಮಾರ್ಕ್ ಕೇಂದ್ರದಲ್ಲಿ ಹಳೆಯ ಒಡವೆಗಳನ್ನು ಪರೀಕ್ಷಿಸಿ ವರದಿ ಪಡೆಯುವುದು. ನಾಲ್ಕು ಒಡವೆಗಳವರೆಗೆ 200 ರೂಪಾಯಿ ಶುಲ್ಕ. ಆ ಕಾಗದ ಕೈಯಲ್ಲಿದ್ದಾಗ ಕೌಂಟರಿನ ಆಚೆಯವರ ಮಾತಿನ ಧಾಟಿಯೇ ಬದಲಾಗುವುದನ್ನು ನೀವು ನೋಡುತ್ತೀರಿ.

ತಿಂಗಳ ಕಂತಿನ ಚಿನ್ನದ ಸ್ಕೀಮ್ ಕಟ್ಟಿದ್ದರೆ ಅಥವಾ ಕಟ್ಟುವ ಯೋಚನೆ ಇದ್ದರೆ ಒಂದೇ ಎಚ್ಚರ. ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಸರಕಿಗೆ ಹೊಂದಿಸದಿದ್ದರೆ ಕಂಪನಿ ನಿಯಮಗಳ ಪ್ರಕಾರ ಅದು ಠೇವಣಿಯಾಗುತ್ತದೆ. ಈ ಸ್ಕೀಮ್‌ಗಳು ಹನ್ನೊಂದು ತಿಂಗಳಿಗೆ ನಿಲ್ಲುವುದು ಅದಕ್ಕಾಗಿಯೇ. ಅದಕ್ಕಿಂತ ದೀರ್ಘ ಅವಧಿಯದ್ದಾಗಲಿ, ಚಿನ್ನದ ಬದಲು ತಿಂಗಳಿಗೆ ಇಷ್ಟು ಲಾಭ ಎಂದು ಹಣವನ್ನೇ ಕೊಡುವ ಭರವಸೆಯದ್ದಾಗಲಿ ಆಭರಣದ ವ್ಯಾಪಾರವಲ್ಲ. ಆಭರಣ ಮಳಿಗೆಯನ್ನೂ ನಡೆಸುತ್ತಿದ್ದ ಬೆಂಗಳೂರಿನ ಐಎಂಎ ಸಮೂಹ ತಿಂಗಳ ಲಾಭದ ಆಸೆ ತೋರಿಸಿ ಹಣ ಪಡೆದು 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಅದರೊಳಗೆ ಸಿಕ್ಕಿಕೊಂಡಿತು. ಠೇವಣಿ ವಿಮೆ ಬ್ಯಾಂಕುಗಳಿಗೆ ಇದೆಯೇ ಹೊರತು ಚಿನ್ನದಂಗಡಿಗಳಿಗೆ ಇಲ್ಲ.

ಕೊನೆಯದಾಗಿ, 'ಬಿಲ್ ಬೇಡವೆಂದರೆ ಮೂರು ಪರ್ಸೆಂಟ್ ಉಳಿಯುತ್ತದೆ' ಎಂಬ ಮಾತು ಬಂದೇ ಬರುತ್ತದೆ. ಒಂದು ಲಕ್ಷದ ಒಡವೆಯಲ್ಲಿ ಮೂರು ಸಾವಿರ ಉಳಿಸಲು ಹೋಗಿ ಕಚ್ಚಾ ಚೀಟಿ ಹಿಡಿದು ಬಂದರೆ, ಮುಂದೆ ಶುದ್ಧತೆಯಲ್ಲೋ ತೂಕದಲ್ಲೋ ತಕರಾರು ಬಂದಾಗ ನೀವು ಅಲ್ಲಿ ಕೊಂಡಿರಿ ಎನ್ನುವುದಕ್ಕೇ ಆಧಾರವಿರುವುದಿಲ್ಲ. ಒಡವೆಯ ವಿವರ, ನೆಟ್ ತೂಕ, ಕ್ಯಾರೆಟ್ ಮತ್ತು ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಇವನ್ನು ಬೇರೆಬೇರೆಯಾಗಿ ಕಾಣಿಸಿದ ಬಿಲ್ ಪಡೆಯಿರಿ. ಅದರ ಜೊತೆಗೆ ಎಚ್‌ಯುಐಡಿ ಸಂಖ್ಯೆಯ ಫೋಟೋ ಇಟ್ಟುಕೊಳ್ಳಿ. ಹಾಲ್‌ಮಾರ್ಕ್ ಆದ ಒಡವೆಯಲ್ಲಿ ಶುದ್ಧತೆ ಕಡಿಮೆ ಎಂದು ಪರೀಕ್ಷೆಯಲ್ಲಿ ಸಾಬೀತಾದರೆ, ಕೊರತೆಯ ಮೌಲ್ಯದ ಎರಡರಷ್ಟು ಹಣವನ್ನೂ ಪರೀಕ್ಷಾ ವೆಚ್ಚವನ್ನೂ ವ್ಯಾಪಾರಿ ಕೊಡಬೇಕೆಂದು ಬಿಐಎಸ್ ನಿಯಮಗಳು ಹೇಳುತ್ತವೆ. ಆ ದೂರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿಯೇ ಸಲ್ಲಿಸಬಹುದು. ತಕ್ಕಡಿಯ ಮೇಲೆ ಅನುಮಾನವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ತಿಳಿಸಬೇಕು. ವೇಸ್ಟೇಜ್, ಕಲ್ಲಿನ ತೂಕ ಮುಂತಾದ ಲೆಕ್ಕದ ತಕರಾರಿಗೆ ಮೊದಲು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿರಿ; ಅಲ್ಲಿ ಬಗೆಹರಿಯದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಅಂಗಡಿ ಬೇರೆ ಊರಿನಲ್ಲಿದ್ದರೂ ತೊಂದರೆಯಿಲ್ಲ. ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವೂ ಇಲ್ಲ. ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.