ಹಾಜಿಯನ್ನು ತೂಗುವ ತಕ್ಕಡಿ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ರೊಮೇನಿಯಾದ ಫುಟ್‌ಬಾಲ್ ಆಟಗಾರ ಹಾಗಿಯನ್ನು ನೀವು ಮರಡೋನಾ ಪಂಕ್ತಿಯಲ್ಲಿ ಕೂರಿಸಿದ್ದು ಅತಿಯಾಯಿತು. ಸ್ಪೇನಿನ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಕ್ಲಬ್ಬುಗಳಲ್ಲಿ ಎರಡೆರಡು ವರ್ಷ ಆಡಿ ಒಂದೂ ಲೀಗ್ ಪ್ರಶಸ್ತಿ ಗೆಲ್ಲದವನು ದೊಡ್ಡ ಆಟಗಾರ ಹೇಗಾದಾನು?”

ಮೊದಲು ಹೆಸರು ಸರಿಪಡಿಸಿಕೊಳ್ಳೋಣ. ಮುಂದೆ ‘ಇ’ಕಾರ ಬಂದರೆ ರೊಮೇನಿಯನ್ನರ ಬಾಯಲ್ಲಿ ಗಕಾರ ಜಕಾರವಾಗುತ್ತದೆ. ಆತ ಗ್ಯೋರ್ಗೆ ಹಾಜಿ.

ನಿಮ್ಮ ಲೆಕ್ಕ ತಪ್ಪಲ್ಲ. ಆತ ಮ್ಯಾಡ್ರಿಡ್‌ನಲ್ಲಿದ್ದ ಎರಡೂ ವರ್ಷ ಲೀಗ್ ಗೆದ್ದದ್ದು ಬಾರ್ಸಿಲೋನಾ. ಬಾರ್ಸಿಲೋನಾಕ್ಕೆ ಬಂದ ಮೊದಲ ವರ್ಷ ಮ್ಯಾಡ್ರಿಡ್! ಮುಂಗೋಪಿ ಎಂಬುದನ್ನೂ ಬೇಕಾದರೆ ಸೇರಿಸಿಕೊಳ್ಳಿ. ಆದರೆ 1994ರ ಬಾರ್ಸಿಲೋನಾ ಪಟ್ಟಿ ತೆರೆದು ನೋಡಿದ್ದೀರಾ? ಕೂಮನ್, ಸ್ಟೊಯಿಚ್ಕೊವ್, ರೊಮಾರಿಯೊ, ಹಾಜಿ. ವಿದೇಶೀಯರು ನಾಲ್ವರು; ಅಂಗಳಕ್ಕಿಳಿಯಲು ಅವಕಾಶ ಮೂವರಿಗೆ. ಐರೋಪ್ಯ ಒಕ್ಕೂಟದ ಆಟಗಾರರ ಮಟ್ಟಿಗೆ ಆ ಮಿತಿಯನ್ನು ಮುರಿದ ಐರೋಪ್ಯ ನ್ಯಾಯಾಲಯದ ಬೋಸ್ಮನ್ ತೀರ್ಪು ಬಂದದ್ದು 1995ರ ಡಿಸೆಂಬರ್‌ನಲ್ಲಿ. ರೊಮೇನಿಯಾ ಆಗ ಒಕ್ಕೂಟದಲ್ಲೇ ಇರಲಿಲ್ಲ, ಹಾಗಾಗಿ ಅದರ ಲಾಭವೂ ಹಾಜಿಗೆ ಸಿಗುವಂತಿರಲಿಲ್ಲ.

ಇನ್ನು ಆಟಕ್ಕೆ ಬರೋಣ. 1994ರಲ್ಲಿ ಆತ ವಿಶ್ವಕಪ್‌ಗೆ ಬಂದದ್ದು ಇಟಲಿಯ ಎರಡನೇ ದರ್ಜೆಯಲ್ಲಿದ್ದ ಬ್ರೆಷಾ ಕ್ಲಬ್ಬಿನಿಂದ. ಜೂನ್ 18, ಪ್ಯಾಸಡೀನಾ, ಎದುರಾಳಿ ಕೊಲಂಬಿಯಾ. ಎಡ ಅಂಚಿನಲ್ಲಿ ಚೆಂಡು ಸಿಕ್ಕಿತು. ಗೋಲಿಗೆ ಮೂವತ್ತು ಮೀಟರಿಗೂ ಮಿಕ್ಕಿ ದೂರ. ಅಲ್ಲಿಂದ ಯಾರೇ ಆದರೂ ಗೋಲಿನ ಮುಂದಿರುವ ಜೊತೆಗಾರರಿಗೆ ಕ್ರಾಸ್ ಹಾಕುತ್ತಾರೆಂದು ಗೋಲ್‌ಕೀಪರ್ ಕಾರ್ಡೋಬಾ ಗೆರೆ ಬಿಟ್ಟು ಮುಂದೆ ನಿಂತಿದ್ದ. ಹಾಜಿ ಎಡಗಾಲಲ್ಲಿ ಎತ್ತಿ ಬಿಟ್ಟ. ಇಂಥ ಹೊಡೆತ ತಗ್ಗಿದರೆ ಗೋಲ್‌ಕೀಪರನ ಕೈಗೆ ಎಟುಕುತ್ತದೆ, ತೀರಾ ಎತ್ತರಕ್ಕೆ ಹೋದರೆ ಅವನಿಗೆ ಹಿಂದೆ ಓಡಲು ಪುರುಸೊತ್ತು ಸಿಗುತ್ತದೆ. ಹಿಮ್ಮುಖವಾಗಿ ಹೆಜ್ಜೆ ಹಾಕುವವನ ಭಾರ ಹಿಮ್ಮಡಿ ಮೇಲಿರುವುದರಿಂದ ನೆಗೆತಕ್ಕೆ ಬಲ ಸಾಲದು. ಚೆಂಡು ಅವನ ಬೆರಳು ದಾಟಿದ ಮೇಲೆ ಇಳಿದು ದೂರದ ಕಂಬದ ಒಳಮೂಲೆ ಸೇರಿತು. ಆಮೇಲೆ ಅರ್ಜೆಂಟೀನಾ ವಿರುದ್ಧದ 3-2ರಲ್ಲಿ ಎರಡನೇ ಗೋಲಿಗೆ ಪಾಸ್ ಕೊಟ್ಟವನೂ ಮೂರನೆಯದನ್ನು ಹೊಡೆದವನೂ ಆತನೇ.

ಈ ಕಣ್ಣಳತೆಗೆ ಯಾವ ಪಟ್ಟಿಯಲ್ಲಿ ಕಾಲಂ ಇದೆ, ಹೇಳಿ? ಗೋಲು, ಅಸಿಸ್ಟ್, ಕಪ್ಪು ಎಂದು ಆಟವನ್ನು ಅಂಗಡಿ ಚೀಟಿ ಮಾಡಿದ್ದು ನೀವಲ್ಲ, ನಮ್ಮ ಕ್ರೀಡಾಪುಟಗಳು; ತಕ್ಕಡಿ ನಿಮ್ಮ ಕೈಗೆ ಬಂದದ್ದು ಅಲ್ಲಿಂದಲೇ. ದಾಳಿ ಹೆಣೆಯುವ ಹತ್ತನೇ ನಂಬರಿನವನೂ ಎದುರಾಳಿಯ ಬೆನ್ನು ಹತ್ತಿ ಓಡಲೇಬೇಕೆನ್ನುವ ಈಗಿನ ತರಬೇತುದಾರರು ಹದಿನೆಂಟರ ಹಾಜಿಯನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಅವನಿಗೆ ಹದಿನೆಂಟಾಗಿದ್ದಾಗ, 1983ರಲ್ಲಿ, ರೊಮೇನಿಯಾ ದೇಶದ ಜೆರ್ಸಿಯನ್ನೇ ಕೊಟ್ಟಿತ್ತು.

ಮೂವತ್ತೊಂದರಲ್ಲಿ ಗಲಾಟಸರಾಯ್ ಸೇರಿ ಸತತ ನಾಲ್ಕು ಟರ್ಕಿ ಲೀಗ್ ಗೆದ್ದ. ಜೊತೆಗೆ ಯುರೋಪಿನ ಕ್ಲಬ್ಬುಗಳು ಸೆಣಸುವ 2000ದ ಯುಇಎಫ್‌ಎ ಕಪ್. ಇಂಗ್ಲೆಂಡಿನ ಆರ್ಸೆನಲ್ ವಿರುದ್ಧದ ಆ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಎದುರಾಳಿ ನಾಯಕ ಆಡಮ್ಸ್ ಮೇಲೆ ಕೈಮಾಡಿ ಕೆಂಪು ಕಾರ್ಡ್ ಪಡೆದ, ಉಳಿದ ಹತ್ತು ಮಂದಿ ಪೆನಾಲ್ಟಿಯಲ್ಲಿ ಗೆದ್ದರು. (ಮುಂಗೋಪ ಅಂದೆನಲ್ಲ.)

2009ರಲ್ಲಿ ಆತ ಕಾನ್‌ಸ್ಟಾಂಟ್ಸಾ ಸೀಮೆಯಲ್ಲಿ ಹುಡುಗರಿಗಾಗಿ ಅಕಾಡೆಮಿ ಕಟ್ಟಿದ. ಅದರ ಕ್ಲಬ್ ವಿಟೋರುಲ್ 2017ರಲ್ಲಿ ರೊಮೇನಿಯಾದ ಚಾಂಪಿಯನ್ ಆಯಿತು. 2021ರಲ್ಲಿ, ತಾನು ಮೊದಲು ಆಡಿದ್ದ ಫಾರುಲ್ ಜೊತೆ ಅದನ್ನು ಕೂಡಿಸಿದ. 2023ರಲ್ಲಿ ಹಾಜಿಯ ತರಬೇತಿಯಲ್ಲೇ ಫಾರುಲ್ ಕೂಡ ಗೆದ್ದಿತು. ಇವೆರಡೂ ಲೀಗ್ ಪ್ರಶಸ್ತಿಗಳೇ ಸ್ವಾಮಿ, ಬೇಕಾದರೆ ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಿ.