ಓದುಗರ ಪ್ರಶ್ನೆ: ಸೆಪ್ಟೆಂಬರ್ 17ರ ಫಲಕಕ್ಕೆ ಏನು ಬರೆಯೋದು?

ಪ್ರ: ಶಾಲೆಯ ಫಲಕದಲ್ಲಿ ದಿನಾ ‘ಇಂದಿನ ವಿಶೇಷ’ ಬರೆಯುತ್ತೇವೆ. ಸೆಪ್ಟೆಂಬರ್ 17ಕ್ಕೆ ‘1948: ನಿಜಾಮನ ಸೈನ್ಯ ಶರಣಾಯಿತು, ನಾವು ಕರ್ನಾಟಕಕ್ಕೆ ಸೇರಿದೆವು’ ಎಂದು ಬರೆದದ್ದಕ್ಕೆ ನಿವೃತ್ತ ಮೇಷ್ಟ್ರೊಬ್ಬರು ಎರಡೂ ತಪ್ಪು ಎಂದರು. ಹೌದೇ?
– ಶಿಕ್ಷಕಿ, ಸಿಂಧನೂರು

ಉ: ಹೌದು, ಎರಡೂ ತಪ್ಪು. ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಕ್ಕೆ ಕಾಲಿಟ್ಟದ್ದು ಸೆಪ್ಟೆಂಬರ್ 13ರಂದು. 17ರ ಶುಕ್ರವಾರ ಮೀರ್ ಲಾಯಕ್ ಅಲಿಯ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನವಿರಾಮ ಸಾರಿದ. ಅವನ ಸೇನಾಧಿಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಮುಂದೆ ವಿಧಿವತ್ತಾಗಿ ಶರಣಾದದ್ದು ಮರುದಿನ. ಹಾಗಾಗಿ 17ಕ್ಕೆ ‘ಕದನವಿರಾಮ’, 18ಕ್ಕೆ ‘ಸೇನೆಯ ಶರಣಾಗತಿ’ ಎಂದು ಬರೆಯಿರಿ.

ಇನ್ನು ಕರ್ನಾಟಕಕ್ಕೆ ಸೇರಿದ ಮಾತು. ಆಗಿನ ರಾಯಚೂರು ಜಿಲ್ಲೆ (ಕೊಪ್ಪಳವೂ ಅದರಲ್ಲೇ ಇತ್ತು) ಇನ್ನೂ ಎಂಟು ವರ್ಷ ಹೈದರಾಬಾದ್ ರಾಜ್ಯದಲ್ಲೇ ಉಳಿಯಿತು. ಅಷ್ಟೇ ಅಲ್ಲ, ಅದೇ ನಿಜಾಮ 1950ರಿಂದ ಆ ರಾಜ್ಯದ ರಾಜಪ್ರಮುಖನೂ (ರಾಜ್ಯಪಾಲನಂಥ ಮುಖ್ಯಸ್ಥ) ಆಗಿದ್ದ. ಮಕ್ಕಳಿಗೆ ಇದನ್ನು ಹೇಳಿ, ನಂಬುವುದಿಲ್ಲ! ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು, ಅದೂ ಗದ್ವಾಲ್, ಆಲಂಪುರ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಪ್ರ: ನಮ್ಮಲ್ಲೂ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುತ್ತಾರೆ. ಆಗ ಬಳ್ಳಾರಿ ನಿಜಾಮನ ಕೈಲಿತ್ತೇ?
– ಓದುಗರು, ಸಿರುಗುಪ್ಪ

ಉ: ಇರಲಿಲ್ಲ. 1800ರ ಅಕ್ಟೋಬರ್‌ನ ಒಪ್ಪಂದದಲ್ಲೇ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದ. ಮದ್ರಾಸ್ ಪ್ರಾಂತ್ಯದಲ್ಲಿದ್ದ ನಿಮಗೆ ಸ್ವಾತಂತ್ರ್ಯ 1947ರ ಆಗಸ್ಟ್ 15ಕ್ಕೇ ಬಂತು. ನಿಮ್ಮ ಫಲಕಕ್ಕೆ ದೊಡ್ಡ ದಿನ ಅಕ್ಟೋಬರ್ 1: 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದ ಅದೇ ದಿನ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕು ಮೈಸೂರಿಗೆ ಬಂದವು, ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಹೈದರಾಬಾದ್ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಬಳ್ಳಾರಿಗೂ ಇರುವುದರಿಂದ ಕಲ್ಯಾಣ ಕರ್ನಾಟಕದ ಉತ್ಸವ ನಿಮ್ಮಲ್ಲೂ ನಡೆಯುತ್ತದೆ.

ಪ್ರ: ಸೆಪ್ಟೆಂಬರ್ 17ರಂದು ಹುಟ್ಟಿದ ಗಣ್ಯರು ಯಾರು?
– ಗ್ರಂಥಾಲಯ ಮೇಲ್ವಿಚಾರಕರು, ಕುಷ್ಟಗಿ

ಉ: ಪೆರಿಯಾರ್ ಇ.ವಿ. ರಾಮಸಾಮಿ (1879, ಈರೋಡ್), ನರೇಂದ್ರ ಮೋದಿ (1950, ವಡನಗರ), ಕ್ರಿಕೆಟಿಗ ಆರ್. ಅಶ್ವಿನ್ (1986), ಜರ್ಮನಿಯ ಗಣಿತಜ್ಞ ರೀಮನ್ (1826). ಮಕ್ಕಳಿಗೆಂದರೆ ಮೊದಲ ಸಾಲು ಅನಂತ ಪೈ ಅವರದಿರಲಿ: ಅಮರ ಚಿತ್ರ ಕಥೆಯ ಜನಕ, ಹುಟ್ಟಿದ್ದು 1929ರಲ್ಲಿ, ನಮ್ಮ ಕಾರ್ಕಳದಲ್ಲಿ. ವಿಷ್ಣುವರ್ಧನ್ ಹೆಸರನ್ನು ಇಲ್ಲಿ ತುರುಕಬೇಡಿ, ಅವರದು 18. ಬ್ಯಾನರು ಹಿಂದಿನ ದಿನವೇ ಏಳುವುದರಿಂದ ಈ ಗೊಂದಲ.

ರಾಕೆಟ್ ವಿಜ್ಞಾನಿ ತ್ಸಿಯೋಲ್ಕೋವ್‌ಸ್ಕಿ (1857) ವಿಷಯದಲ್ಲಿ ಜೋಪಾನ. ರಷ್ಯಾದಲ್ಲಿ ಆಗ ಹಳೆಯ ಜೂಲಿಯನ್ ಕ್ಯಾಲೆಂಡರ್ ಇತ್ತು. ಅದರ ಪ್ರಕಾರ ಅವರದು ಸೆಪ್ಟೆಂಬರ್ 5. 19ನೇ ಶತಮಾನದ ರಷ್ಯನ್ ತಾರೀಖಿಗೆ 12 ದಿನ ಕೂಡಿಸಬೇಕು, 1900ರ ಮಾರ್ಚ್ ನಂತರದ್ದಕ್ಕೆ 13. ಮೊದಲೇ ಕೂಡಿಸಿಟ್ಟ ತಾರೀಖಿಗೆ ಮತ್ತೆ 12 ಸೇರಿಸಿ 29 ಮಾಡುವವರೂ ಇದ್ದಾರೆ. ಪುಸ್ತಕದಲ್ಲಿ ಎರಡು ತಾರೀಖು ಕಂಡರೆ ನಂತರ ಬರುವುದನ್ನು ಹಾಗೇ ಇಟ್ಟುಕೊಳ್ಳಿ.

ಕನಕ ಜಯಂತಿ, ಬಸವ ಜಯಂತಿಗಳಿಗೆ ಕಾಯಂ ತಾರೀಖು ಹಾಕಬೇಡಿ. ಅವು ತಿಥಿಯ ಮೇಲೆ ನಡೆಯುತ್ತವೆ, ವರ್ಷ ವರ್ಷ ಸರಿಯುತ್ತವೆ.

ಪ್ರ: ಊರ ಹಿರಿಯರ ಹುಟ್ಟುಹಬ್ಬಾನೂ ಹಾಕೋಣಂದ್ರ ಅರ್ಧ ಮಂದೀದು ಜೂನ್ 1 ಐತ್ರಿ! ಏನ್ ಮಾಡೋದು?
– ಯುವಕ ಸಂಘ, ಯಲಬುರ್ಗಾ

ಉ: ಅದು ಸಾಲಿಗೆ ಹೆಸರು ಹಚ್ಚುವಾಗ ವಯಸ್ಸು ಹೊಂದಲಿ ಎಂದು ಬರೆಸಿದ ತಾರೀಖು. ದಾಖಲೆ ಬದಿಗಿಟ್ಟು ಮನೆಯ ಹಿರಿಯರನ್ನು ಮೂರು ವಿಷಯ ಕೇಳಿ: ಯಾವ ಸಂವತ್ಸರ, ಯಾವ ಹಬ್ಬದ ಹಿಂದೆಮುಂದೆ, ಯಾವ ವಾರ. ‘ಸರ್ವಧಾರಿ, ಕಾರಹುಣ್ಣಿಮೆ, ಸೋಮವಾರ’ ಎಂದರು ಅನ್ನಿ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಸರ್ವಧಾರಿ 1948ರಲ್ಲಿ ಬಂತು, 2008ರಲ್ಲೂ ಬಂತು. ಅಜ್ಜನ ವಯಸ್ಸು ನೋಡಿದರೆ 1948. ಆ ವರ್ಷದ ಕಾರಹುಣ್ಣಿಮೆ ಜೂನ್ 21ರ ಆಸುಪಾಸು.

ವಾರ ತಾಳೆ ನೋಡುವುದು ಹೀಗೆ: ಇಸವಿಯ ಕೊನೆಯ ಎರಡಂಕಿ 48, ಅದರ ಕಾಲುಭಾಗ 12 (ಶೇಷ ಬಿಡಿ), ಜೂನ್ ತಿಂಗಳ ಅಂಕಿ 5, ತಾರೀಖು 21. ಒಟ್ಟು 86; ಏಳರಿಂದ ಭಾಗಿಸಿದರೆ ಶೇಷ 2. ಭಾನುವಾರಕ್ಕೆ 1 ಎಂದು ಹಿಡಿದರೆ 2 ಸೋಮವಾರ (ಶೇಷ 0 ಬಂದರೆ ಶನಿವಾರ). ತಾಳೆಯಾಯಿತು. ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳ ಅಂಕಿಗಳು 1, 4, 4, 0, 2, 5, 0, 3, 6, 1, 4, 6. ಅಧಿಕ ವರ್ಷದ ಜನವರಿ, ಫೆಬ್ರವರಿಗೆ ಒಂದು ಕಳೆಯಿರಿ, ತಪ್ಪುವುದೇ ಅಲ್ಲಿ. ಈ ಲೆಕ್ಕ 1900ರ ದಶಕಗಳಿಗೆ. 2000ದ ನಂತರದ್ದಕ್ಕೆ ಇನ್ನೊಂದು ಕಳೆಯಬೇಕು.