ಬಂಡೆ ಬುಡದ ಬಯಲು

ಪ್ರಶ್ನೆ: ಸೇಂಟ್ ಲೂಯಿಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಭಾನುವಾರ ಮಿಸಿಸಿಪ್ಪಿ ದಂಡೆಯ ಪ್ರೇರಿ ಡು ರೋಷೆ ಎಂಬ ಹಳ್ಳಿಗೆ ಕರೆದುಕೊಂಡು ಹೋದಳು. 1722ರಲ್ಲಿ ಫ್ರೆಂಚರು ಕಟ್ಟಿದ ಊರಂತೆ. ಅಮೆರಿಕ ದೇಶವಾಗಿದ್ದೇ 1776ರಲ್ಲಿ ಅಲ್ವಾ? ಅಷ್ಟು ಮೊದಲೇ ಫ್ರೆಂಚರು ಅಲ್ಲಿಗೆ ಹೇಗೆ ಬಂದರು? ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸತ್ತ ಊರು ಅನ್ನಿಸಿತು.
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಮ್ಮ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು, ಅವರು ಬಂದ ದಾರಿ. ಇಲ್ಲಿ ನೆಲೆ ನಿಂತವರಲ್ಲಿ ಬಹಳ ಮಂದಿ ನೇರವಾಗಿ ಫ್ರಾನ್ಸಿನಿಂದ ಬಂದವರಲ್ಲ, ಕೆನಡಾದ ಫ್ರೆಂಚರು. ಕ್ವಿಬೆಕ್, ಮಾಂಟ್ರಿಯಲ್ ಕಡೆಯಿಂದ ದೊಡ್ಡ ಸರೋವರಗಳನ್ನು ದಾಟಿ, ನದಿಯಿಂದ ನದಿಗೆ ದೋಣಿಯಲ್ಲೇ ಇಳಿದು ಬಂದರು. ತುಪ್ಪಳದ ವ್ಯಾಪಾರ ಅವರನ್ನು ಈ ಕಡೆ ಎಳೆದಿತ್ತು. ನೆಲ ಇಲಿನಾಯ್ ಬುಡಕಟ್ಟುಗಳದ್ದು. 1718ರಲ್ಲಿ ಬ್ವಾಬ್ರಿಯಾಂ ಎಂಬ ಅಧಿಕಾರಿ ಬಂದು ಕಾರ್ಟ್ರ ಕೋಟೆ ಕಟ್ಟಿಸಲು ಶುರುಮಾಡಿದ. ಅವನೂ ಮಾಂಟ್ರಿಯಲ್‌ನಲ್ಲಿ ಹುಟ್ಟಿದವನೇ. ಅವನ ಸಂಬಂಧಿ ಲಾಂಗ್ಲ್ವಾ ಕೋಟೆಯ ಪಕ್ಕದ ಜಮೀನಿನಲ್ಲಿ ಈ ಊರು ಹೂಡಿದ. ಹೆಸರಿನ ಅರ್ಥ ‘ಬಂಡೆಯ ಬಯಲು’. ಊರಿನ ಬೆನ್ನಿಗೇ ಎದ್ದು ನಿಂತ ಸುಣ್ಣಕಲ್ಲಿನ ಗೋಡೆಯನ್ನು ನೀವೇ ನೋಡಿದ್ದೀರಿ.

ಹೊಲಗಳನ್ನು ಗಮನಿಸಿದಿರಾ? ನನಗೆ ತುಂಬಾ ಇಷ್ಟವಾದದ್ದು ಅದು. ಬಂಡೆಯಿಂದ ನದಿಯ ಕಡೆಗೆ ರಿಬ್ಬನ್ ಹಾಸಿದ ಹಾಗೆ ಉದ್ದುದ್ದ ಪಟ್ಟಿಗಳು. ಕ್ವಿಬೆಕ್‌ನಲ್ಲೂ ಹೀಗೇ ಹಂಚಿಕೊಳ್ಳುತ್ತಿದ್ದರು. ಒಬ್ಬನಿಗೆ ಪೂರ್ತಿ ಒಳ್ಳೆಯ ಮಣ್ಣು, ಇನ್ನೊಬ್ಬನಿಗೆ ಬರೀ ಜೌಗು ಅಂತಾಗದೆ ಎಲ್ಲರಿಗೂ ಎಲ್ಲದರಲ್ಲೂ ಒಂದು ಪಾಲು. ಒಬ್ಬೊಬ್ಬರ ಹೊಲಕ್ಕೂ ಬೇರೆ ಬೇಲಿ ಇರಲಿಲ್ಲ, ಇಡೀ ಬಯಲಿಗೆ ಒಂದೇ ಬೇಲಿ. ಕಟಾವು ಮುಗಿದ ಮೇಲೆ ಊರಿನ ದನಗಳೆಲ್ಲ ಅಲ್ಲೇ ಮೇಯಬೇಕು. ಇಲ್ಲಿನ ಗೋಧಿ ಹಿಟ್ಟು ದೋಣಿ ಹತ್ತಿ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಿತ್ತು. ಅಲ್ಲಿನ ಸೆಕೆಗೆ ಗೋಧಿ ಬೆಳೆಯುತ್ತಿರಲಿಲ್ಲ. ಆದರೆ ಈ ಬಯಲಲ್ಲಿ ದುಡಿದವರೆಲ್ಲ ಪಾಲುದಾರರಾಗಿರಲಿಲ್ಲ. ಆಫ್ರಿಕಾದಿಂದ ತಂದ ಗುಲಾಮರಿದ್ದರು, ಗುಲಾಮರಾಗಿಸಿದ ಮೂಲನಿವಾಸಿಗಳೂ ಇದ್ದರು. ಒಂದೇ ಬೇಲಿಯ ಕಥೆ ಹೇಳುವಾಗ ಇದನ್ನು ಬಿಟ್ಟರೆ ಸುಳ್ಳು ಹೇಳಿದ ಹಾಗೆ.

ಫ್ರೆಂಚರ ಮತ್ತು ಇಂಗ್ಲಿಷರ ಯುದ್ಧ ಮುಗಿಸಿದ 1763ರ ಪ್ಯಾರಿಸ್ ಒಪ್ಪಂದದಲ್ಲಿ ಈ ಸೀಮೆ ಇಂಗ್ಲಿಷರ ಪಾಲಾಯಿತು. ನಮ್ಮ ಪಕ್ಕದ ಪಾಂಡಿಚೇರಿ ಫ್ರೆಂಚರಿಗೆ ಮರಳಿ ಸಿಕ್ಕಿದ್ದೂ ಅದೇ ಒಪ್ಪಂದದಲ್ಲಿ. ಆ ವರ್ಷದ ಚಳಿಗಾಲದಲ್ಲಿ ಲಾಕ್ಲೇಡ್ ಎಂಬ ವ್ಯಾಪಾರಿ ತನ್ನ ಸರಕನ್ನು ಇದೇ ಕೋಟೆಯಲ್ಲಿ ಇಟ್ಟಿದ್ದ. 1764ರಲ್ಲಿ ನದಿಯ ಆಚೆ ದಡದಲ್ಲಿ ಅವನು ಹುಟ್ಟುಹಾಕಿದ ಊರೇ ನಿಮ್ಮ ಮಗಳಿರುವ ಸೇಂಟ್ ಲೂಯಿಸ್. ಇಂಗ್ಲಿಷರ ಕೈಕೆಳಗೆ ಇರಲಾರೆವು ಅಂತ ತುಂಬಾ ಜನ ನದಿ ದಾಟಿ ಹೋದರು. ಈ ಊರಲ್ಲಿ ಒಂದಷ್ಟು ಮನೆಯವರು ಉಳಿದರು. ಕೋಟೆಯನ್ನು ಮಾತ್ರ ನದಿ ಕೊರೆಯುತ್ತಾ ಬಂತು. 1772ರಲ್ಲಿ ಇಂಗ್ಲಿಷರೇ ಅದನ್ನು ಬಿಟ್ಟು ನಡೆದರು. ಕೋಟೆಯ ಮದ್ದಿನ ಮನೆ, ಅಂದರೆ ಸಿಡಿಮದ್ದು ಇಡುತ್ತಿದ್ದ ಕಟ್ಟಡ, ಆ ಕಾಲದ್ದೇ; ಆಮೇಲೆ ದುರಸ್ತಿ ಕಂಡು ಇಂದಿಗೂ ನಿಂತಿದೆ.

ಅಕ್ಕಪಕ್ಕದ ಊರುಗಳಿಗೆ ಏನಾಯಿತು ನೋಡಿ. ತೆಂಕಲಿಗಿದ್ದ ಕಾಸ್ಕಾಸ್ಕಿಯಾ ಇದಕ್ಕಿಂತ ಎಷ್ಟೋ ದೊಡ್ಡದು, 1818ರಲ್ಲಿ ಇಲಿನಾಯ್ ರಾಜ್ಯದ ಮೊದಲ ರಾಜಧಾನಿ. 1881ರಲ್ಲಿ ಮಿಸಿಸಿಪ್ಪಿ ಪಾತ್ರ ಬದಲಿಸಿ ಅದನ್ನು ನುಂಗಿತು. 1993ರ ಮಹಾಪೂರದಲ್ಲಿ ಬಡಗಲಿನ ವಾಲ್ಮೇಯರ್ ಮುಳುಗಿತು, ಆ ಜನ ಗುಡ್ಡದ ಮೇಲೆ ಹೊಸ ಊರು ಕಟ್ಟಿಕೊಂಡರು. ಅದೇ ನೀರು ಪ್ರೇರಿ ಡು ರೋಷೆಯತ್ತ ನುಗ್ಗಿ ಬರುತ್ತಿತ್ತು. ಆಗ ಮೇಲ್ಗಡೆ ನದಿಯ ಏರಿಯನ್ನು ಬೇಕೆಂದೇ ಒಡೆದರು, ಊರು ಉಳಿಯಲಿ ಅಂತ. ಕೋಟೆ, ಹೊಲ ಎಲ್ಲ ಮುಳುಗಿದವು. ಊರು ಉಳಿಯಿತು.

ಈಗ ಅಲ್ಲಿರುವುದು ಹತ್ತಿರ ಹತ್ತಿರ 500 ಜನ. ಮನೆಮಾತು ಇಂಗ್ಲಿಷ್. ಫ್ರೆಂಚ್ ಹಿಂದಿನ ತಲೆಮಾರುಗಳಲ್ಲೇ ಕರಗಿಹೋಯಿತು. ಅದು ನನಗೆ ನಿಜಕ್ಕೂ ನೋವಿನ ವಿಷಯ. ಆದರೆ ವರ್ಷಕ್ಕೊಂದು ರಾತ್ರಿ ಆ ಮಾತು ಬೀದಿಗೆ ಬರುತ್ತದೆ. ಡಿಸೆಂಬರ್ 31ರಂದು ‘ಲಾ ಗಿಯಾನೆ’. ಊರು ಹುಟ್ಟಿದಂದಿನಿಂದ ಒಂದು ವರ್ಷವೂ ತಪ್ಪಿಲ್ಲ ಅಂತ ಊರಿನವರು ಹೇಳುತ್ತಾರೆ. ಹಳೇ ಕಾಲದ ವೇಷ ಹಾಕಿ, ಪಿಟೀಲು ಹಿಡಿದು, ಗುಂಪು ಮನೆಮನೆಗೆ ಹೋಗುತ್ತದೆ. ಹೊಸಿಲ ಹೊರಗೇ ನಿಂತು ಮನೆಯ ಯಜಮಾನ, ಯಜಮಾನಿಗೆ ವಂದನೆ ಹೇಳಿ ಹಬ್ಬದೂಟಕ್ಕೆ ಹಂದಿ ಮಾಂಸ ಕೇಳುವ ಹಾಡು ಅದು. ಫ್ರೆಂಚ್ ಆಡಲು ಬಾರದವರೂ ಕೇಳಿ ಕೇಳಿ ಕಲಿತು ಹಾಡುತ್ತಾರೆ. ಮನೆಯವರು ಒಳಗೆ ಕರೆದು ತಿನ್ನಲು, ಕುಡಿಯಲು ಕೊಡುತ್ತಾರೆ. ಆಮೇಲೆ ಎಲ್ಲರೂ ಮುಂದಿನ ಮನೆಗೆ.

ನೀವು ಹೋದದ್ದು ಸುಮ್ನೆ ಒಂದು ಭಾನುವಾರದ ಮಧ್ಯಾಹ್ನ ಇರಬೇಕು. ಮುಂದಿನ ಸಲ ಚಳಿಗಾಲಕ್ಕೆ ಟಿಕೆಟ್ ಮಾಡಿಸಿ. ಚಳಿ ಜಾಸ್ತಿ, ದಪ್ಪ ಸ್ವೆಟರ್ ಮರೆಯಬೇಡಿ. ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಿ. ನೋಡಿ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.